ಒಂದು ಹಲಗೆಯ ಬಟ್ಟಲು: ಕನ್ನಡ ಕರಾವಳಿ ಮತ್ತು ಒಮಾನಿನ ನಡುವಣ ಮರದ ಚರಿತ್ರೆ

ನನ್ನ ಅಜ್ಜಿಯ ಮರಿಗೆ ಮಸ್ಕತ್ತಿನಲ್ಲಿ ಒಡೆಯಿತು. ಈ ಲೇಖನಕ್ಕೆ ಮೂಲ ಅದೇ.

ಬಸ್ರೂರಿನ ಸಮೀಪದ ನಮ್ಮ ಹಳೆಯ ಮನೆಯಲ್ಲಿ ಆ ಮರಿಗೆಗೆ ಬಿಡುವೇ ಇರಲಿಲ್ಲ. ದಿನವೂ ಅಕ್ಕಿ ತೊಳೆಯುವುದು ಅದರಲ್ಲಿ, ಬೇಸಿಗೆಯಲ್ಲಿ ಮಾವಿನ ಮಿಡಿಗೆ ಉಪ್ಪು ಹಾಕುವುದು ಅದರಲ್ಲಿ, ಹಬ್ಬಕ್ಕೆ ಹಿಟ್ಟು ಕಲಸುವುದೂ ಅದರಲ್ಲಿ. ಹೆಬ್ಬಲಸಿನ ಒಂದೇ ತುಂಡಿನಿಂದ ತೋಡಿದ ಪಾತ್ರೆ. ಉದ್ದ ಸುಮಾರು ಒಂದೂವರೆ ಅಡಿ, ಎರಡು ತುದಿಗೂ ಹಿಡಿ, ತಳ ಒಂದು ಅಂಗುಲ ದಪ್ಪ. ಹಳೆಯ ಮನೆಯನ್ನು ಕೆಡವುವ ಹೊತ್ತಿಗೆ ಅಮ್ಮ ಅದನ್ನು ನನ್ನ ಕೈಗಿತ್ತರು. ಬಟ್ಟೆಗಳ ನಡುವೆ ಸುತ್ತಿ ವಿಮಾನದಲ್ಲಿ ತಂದೆ. ರೂವಿಯ ನಮ್ಮ ಫ್ಲ್ಯಾಟಿನಲ್ಲಿ ಅದು ಹಣ್ಣು ಇಡುವ ಪಾತ್ರೆಯಾಯಿತು. ಎರಡನೆಯ ಬೇಸಿಗೆಯ ಒಂದು ರಾತ್ರಿ ಹಾಲ್‌ನಲ್ಲಿ ‘ಪಟ್’ ಎಂಬ ಸದ್ದು ಕೇಳಿಸಿತು. ಬೆಳಿಗ್ಗೆ ನೋಡಿದರೆ ಅಂಚಿನಿಂದ ತಳದ ಮಧ್ಯದವರೆಗೆ ಬಿರುಕು ಬಿಟ್ಟಿತ್ತು.

ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮರವು ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ನಾರಿನ ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹೆಚ್ಚು. ಕುಂದಾಪುರದ ಕಡೆಯ ಮಳೆಗಾಲದಲ್ಲಿ, ನೀರು ಮುಟ್ಟುತ್ತಲೇ ಬದುಕಿದ ದಪ್ಪ ಮರ ಇಲ್ಲಿ ಹಗಲೂ ರಾತ್ರಿ ಓಡುವ ಎ.ಸಿ.ಯ ಒಣಗಾಳಿಗೆ ಸಿಕ್ಕಿತು. ತೆಳುವಾದ ಅಂಚು ಬೇಗ ಕುಗ್ಗಿತು, ದಪ್ಪನೆಯ ತಳ ಕುಗ್ಗಲಿಲ್ಲ. ನಡುವೆ ಬಿರಿಯಿತು.

ಆದರೆ ಆ ಬಿರುಕು ನನ್ನಲ್ಲಿ ಇನ್ನೊಂದು ಪ್ರಶ್ನೆ ಎಬ್ಬಿಸಿತು. ಮರವೇ ಅಪರೂಪವಾದ ಈ ನಾಡಿಗೆ ನಮ್ಮ ಕರಾವಳಿಯಿಂದ ಮರ ಬಂದದ್ದು ಇದೇ ಮೊದಲಲ್ಲವಲ್ಲ? ಹಿಂದೆ ಬಂದ ಮರ ಇಲ್ಲಿ ಹೇಗೆ ಬಾಳಿತು? ಅದನ್ನು ಹುಡುಕುತ್ತ ಹೋದವನು ಕೊನೆಗೆ ಒಂದು ಸಣ್ಣ ಯಂತ್ರಗರಗಸದ ಮುಂದೆ ಬಂದು ಕುಳಿತೆ. ಆ ದಾರಿಯನ್ನು ಸದಸ್ಯರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮರ ಕಡಿಮೆ, ಹಡಗು ಹೆಚ್ಚು

ಒಮಾನಿನಲ್ಲಿ ಮರಗಳೇ ಇಲ್ಲ ಎನ್ನುವುದು ತಪ್ಪು. ಇಲ್ಲಿನ ರಾಷ್ಟ್ರೀಯ ಬದುಕಿನಲ್ಲಿ ಗೌರವ ಪಡೆದ ಘಾಫ್ ಮರ ಬೇರೆ ಯಾವುದೂ ಅಲ್ಲ, ವಿಜಯದಶಮಿಗೆ ನಾವು ಪೂಜಿಸುವ ಬನ್ನಿ. ಊರೂರಿನಲ್ಲಿ ಕಾಣುವ ಸಿದ್ರ್ ನಮ್ಮ ಎಲಚಿಯ ದಾಯಾದಿ. ಜಬಲ್ ಅಖ್ದರ್‌ನ ಎತ್ತರದಲ್ಲಿ ಜುನಿಪರ್ ಇದೆ, ದೋಫಾರಿನಲ್ಲಿ ಧೂಪದ ಮರ ಇದೆ, ಖರ್ಜೂರ ಎಲ್ಲೆಡೆ ಇದೆ. ಆದರೆ ಇವುಗಳಲ್ಲಿ ಅಗಲವಾದ, ನೇರವಾದ ಹಲಗೆ ಕೊಡುವ ಮರ ವಿರಳ. ಖರ್ಜೂರದ ಕಾಂಡ ನಾರುನಾರು. ಅದರ ಗರಿಯ ದಂಟುಗಳನ್ನು ಕಟ್ಟಿ ಬಾತಿನಾ ಕರಾವಳಿಯ ಮೀನುಗಾರರು ‘ಶಾಶಾ’ ಎಂಬ ಪುಟ್ಟ ದೋಣಿ ಮಾಡಿಕೊಂಡರು. ಸಿದ್ರ್ ಮತ್ತು ಜಾಲಿಯ ಜಾತಿಯ ಮರಗಳ ಡೊಂಕು ಕೊಂಬೆಗಳು ಹಡಗಿನ ಪಕ್ಕೆಲುಬಿಗೆ ಹೇಳಿ ಮಾಡಿಸಿದಂತೆ ಒದಗಿದವು. ಹಲಗೆ ಮಾತ್ರ ಕಡಲಾಚೆಯಿಂದಲೇ ಬರಬೇಕಿತ್ತು.

ಈ ಕೊರತೆ ಬಹಳ ಹಳೆಯದು. ಸುಮೇರಿಯದ ಬರಹಗಳಲ್ಲಿ ‘ಮಗಾನ್’ ಎಂದು ಕರೆಸಿಕೊಂಡದ್ದು ಈ ಭಾಗದ ನಾಡೇ ಎಂದು ವಿದ್ವಾಂಸರು ಒಪ್ಪುತ್ತಾರೆ. ಅದು ತಾಮ್ರಕ್ಕೆ ಹೆಸರಾಗಿತ್ತು. ಸುಮಾರು 4,100 ವರ್ಷಗಳ ಹಿಂದೆ ಲಗಾಶ್ ನಗರವನ್ನು ಆಳಿದ ಗುಡಿಯಾ ತನ್ನ ಶಾಸನದಲ್ಲಿ ಮಗಾನ್, ಮೆಲುಹ್ಹ, ದಿಲ್ಮುನ್ ನಾಡುಗಳಿಂದ ತನಗೆ ಮರ ಬಂದುದನ್ನು ಹೇಳಿಕೊಂಡಿದ್ದಾನೆ. ಮೆಲುಹ್ಹ ಎಂದರೆ ಸಿಂಧೂ ಕಣಿವೆಯ ನಾಡು ಎಂಬುದು ಸಾಮಾನ್ಯ ಅಭಿಪ್ರಾಯ. ಆ ಕಾಲದ ಬರಹಗಳಲ್ಲಿ ‘ಮಗಾನಿನ ಮೇಸ್’ ಎಂಬ ಅರ್ಥದ ಹೆಸರಿನ ಒಂದು ಮರ ಬರುತ್ತದೆ. ಅದನ್ನು ಸಂಶೋಧಕರು ಶೀಶಮ್ ಎಂದು ಗುರುತಿಸಿದ್ದಾರೆ. ಶೀಶಮ್ ಡಾಲ್ಬರ್ಜಿಯಾ ಎಂಬ ಕುಲಕ್ಕೆ ಸೇರಿದ್ದು. ನಮ್ಮ ಮಲೆನಾಡಿನ ಬೀಟೆಯೂ ಅದೇ ಕುಲದ್ದು. ಈ ಸಂಬಂಧವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಅದು ಮತ್ತೆ ಬರುತ್ತದೆ.

ಸೂರ್ ಪಟ್ಟಣದ ಆಚೆಗಿನ ರಾಸ್ ಅಲ್ ಜಿಂಜ್‌ಗೆ ನಾವೆಲ್ಲ ಮಕ್ಕಳನ್ನು ಕರೆದುಕೊಂಡು ಆಮೆ ನೋಡಲು ಹೋಗುತ್ತೇವೆ. ಅದೇ ಜಾಗದ ಉತ್ಖನನದಲ್ಲಿ ಕಂಚಿನ ಯುಗದ ದೋಣಿಗಳಿಗೆ ಮೆತ್ತಿದ್ದ ಡಾಂಬರಿನ ಚೂರುಗಳು ಸಿಕ್ಕಿವೆ. ಒಂದು ಮಗ್ಗುಲಲ್ಲಿ ಹುಲ್ಲು, ಹಗ್ಗ, ಹಲಗೆಗಳ ಅಚ್ಚು. ಇನ್ನೊಂದು ಮಗ್ಗುಲಲ್ಲಿ ಸಮುದ್ರದ ಚಿಪ್ಪುಜೀವಿಗಳು ಅಂಟಿದ ಗುರುತು. ಸಿಂಧೂ ನಾಗರಿಕತೆಯ ಮಡಕೆಯ ಚೂರುಗಳೂ ಅಲ್ಲಿ ದೊರೆತಿವೆ.

ಹತ್ತನೆಯ ಶತಮಾನದ ಅರಬ್ ಲೇಖಕ ಅಬೂ ಜೈದ್ ಅಲ್ ಸೀರಾಫಿ ಒಂದು ಸ್ವಾರಸ್ಯದ ಸಂಗತಿ ಬರೆದಿಟ್ಟಿದ್ದಾನೆ. ಒಮಾನಿನ ಜನ ಬಡಗಿಯ ಉಪಕರಣಗಳೊಂದಿಗೆ ತೆಂಗು ಬೆಳೆಯುವ ದ್ವೀಪಗಳಿಗೆ ಹೋಗುತ್ತಿದ್ದರು. ಅಲ್ಲಿ ತೆಂಗನ್ನು ಕಡಿದು ಹಲಗೆ ಮಾಡುವುದು, ಅದರ ನಾರಿನಿಂದ ಹಗ್ಗ ಹೊಸೆದು ಹಲಗೆಗಳನ್ನು ಹೊಲಿಯುವುದು, ಅದರಿಂದಲೇ ಪಟಸ್ತಂಭ ಮತ್ತು ಹಾಯಿ ಸಿದ್ಧಪಡಿಸುವುದು, ಕೊನೆಗೆ ಆ ಹಡಗಿನ ತುಂಬ ತೆಂಗಿನಕಾಯಿ ತುಂಬಿಕೊಂಡು ಒಮಾನಿಗೆ ಮರಳುವುದು. ಒಂದೇ ಮರದಿಂದ ಹಡಗು, ಹಗ್ಗ, ಹಾಯಿ, ಸರಕು. ಮರದ ಬೆಲೆ ಬಲ್ಲವರ ಲೆಕ್ಕಾಚಾರ ಇದು.

ಸಲಾಲಾದ ಅಲ್ ಬಲೀದ್‌ನಲ್ಲಿ ಇದೇ ಮನೋಭಾವದ ಇನ್ನೊಂದು ಸಾಕ್ಷಿ ಇದೆ. ಮಧ್ಯಯುಗದ ಆ ಬಂದರಿನ ಕಟ್ಟಡಗಳಲ್ಲಿ ಹಳೆಯ ಹಡಗುಗಳ ಹಲಗೆಗಳನ್ನು ತೊಲೆಗಳಾಗಿ ಮರುಬಳಸಿದ್ದು ಉತ್ಖನನದಲ್ಲಿ ಕಂಡುಬಂತು. ಹಗ್ಗ ಪೋಣಿಸಲು ಕೊರೆದ ತೂತುಗಳ ಸಾಲು ಆ ಹಲಗೆಗಳ ಅಂಚಿನಲ್ಲಿ ಇಂದಿಗೂ ಉಳಿದಿವೆ. ಹಡಗಿನ ಆಯುಸ್ಸು ಮುಗಿದರೂ ಹಲಗೆಯ ಆಯುಸ್ಸು ಮುಗಿಯುತ್ತಿರಲಿಲ್ಲ. ಅಲ್ ಬಲೀದ್ ನೋಡಿ ಬಂದ ದಿನ ನನ್ನ ಒಡೆದ ಮರಿಗೆಯ ಬಗ್ಗೆ ಮೊದಲ ಸಲ ಬೇರೆ ರೀತಿಯಲ್ಲಿ ಯೋಚಿಸಿದೆ.

ನಮ್ಮ ಕರಾವಳಿಯ ಪಾಲು

ಕನ್ನಡ ಕರಾವಳಿಗೂ ಮಸ್ಕತ್ತಿಗೂ ಇದ್ದ ನಂಟಿನಲ್ಲಿ ಮೊದಲ ಹೆಸರು ಅಕ್ಕಿಯದು. ಹದಿನೇಳನೆಯ ಶತಮಾನದ ಮೊದಲರ್ಧದಲ್ಲಿ ಬಸ್ರೂರು ಪಶ್ಚಿಮ ಕರಾವಳಿಯ ದೊಡ್ಡ ಅಕ್ಕಿ ಬಂದರು. ಆಗ ಮಸ್ಕತ್ತನ್ನು ಹಿಡಿದಿದ್ದ ಪೋರ್ಚುಗೀಸರು ಹೊಟ್ಟೆಗೆ ನೆಚ್ಚಿಕೊಂಡದ್ದು ಕನ್ನಡ ಜಿಲ್ಲೆಯ ಅಕ್ಕಿಯನ್ನು. 1650ರಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಅವರನ್ನು ಮಸ್ಕತ್ತಿನಿಂದ ಹೊರಹಾಕಿದ. ಕೋಟೆಯ ಬಾವುಟ ಬದಲಾಯಿತೇ ಹೊರತು ಅಕ್ಕಿಯ ವ್ಯಾಪಾರ ನಿಲ್ಲಲಿಲ್ಲ.

1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ಸರ್ಕಾರಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಅಲ್ಲಿನ ದರೋಗ ಮೀರ್ ಕಾಜಿಮ್‌ಗೆ ಬರೆದ ಪತ್ರಗಳು, ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ ಸಂಗ್ರಹದಲ್ಲಿವೆ. ಗಂಧ, ಮೆಣಸು, ಏಲಕ್ಕಿ, ಅಕ್ಕಿಯ ಮಾರಾಟ ಆ ಕೋಠಿಯ ಕೆಲಸವಾಗಿತ್ತು. ಅಲ್ಲಿಂದ ರೇಷ್ಮೆ ಹುಳು ತರಿಸುವ ಪ್ರಯತ್ನವೂ ಆ ಪತ್ರಗಳಲ್ಲಿ ಕಾಣುತ್ತದೆ.

ತೇಗದ ಕಥೆ ಇದಕ್ಕಿಂತ ಜಟಿಲ. ಮಲಬಾರ್ ಮತ್ತು ಕೆನರಾದ ತೇಗ ಹಡಗು ಕಟ್ಟುವ ಎಲ್ಲರಿಗೂ ಬೇಕಿತ್ತು. ಬ್ರಿಟಿಷರು 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಅಧಿಕಾರಿಯನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿದರು. ಹೆಸರು ಸಂರಕ್ಷಣೆಯದು, ಉದ್ದೇಶ ನೌಕಾಪಡೆಗೆ ತೇಗವನ್ನು ಮೀಸಲಿಡುವುದು. ವ್ಯಾಪಾರಿಗಳೂ ರೈತರೂ ಸಿಡಿದೆದ್ದರು. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1823ರಲ್ಲಿ ಆ ಹುದ್ದೆಯನ್ನೇ ರದ್ದು ಮಾಡಿದ. ಈ ನಡುವೆ ಒಮಾನಿನ ಸಯ್ಯಿದ್ ಸಯೀದ್ ತನ್ನ ದೊಡ್ಡ ಹಡಗುಗಳನ್ನು ಮುಂಬಯಿಯ ಹಡಗುಕಟ್ಟೆಯಲ್ಲಿ ತೇಗದಿಂದ ಕಟ್ಟಿಸುತ್ತಿದ್ದ. 1826ರಲ್ಲಿ ನೀರಿಗಿಳಿದ ‘ಲಿವರ್‌ಪೂಲ್’ ಅವುಗಳಲ್ಲೊಂದು. ಮುಂದೆ ಅದನ್ನು ಬ್ರಿಟನ್ನಿನ ದೊರೆಗೆ ಕಾಣಿಕೆಯಾಗಿ ಕೊಟ್ಟ. ಇನ್ನೊಂದು ಹಡಗು ‘ಸುಲ್ತಾನಾ’ 1840ರಲ್ಲಿ ನ್ಯೂಯಾರ್ಕ್ ಬಂದರನ್ನು ಮುಟ್ಟಿ ಬಂತು.

ಹಡಗು ಕಟ್ಟಿಸಲಾಗದ ಮನೆಗಳಿಗೂ ಭಾರತದ ಮರ ಬರುತ್ತಿತ್ತು, ಪೆಟ್ಟಿಗೆಯ ರೂಪದಲ್ಲಿ. ಮತ್ರಾ ಸೂಕ್‌ನಲ್ಲಿ ನಾವು ಕಾಣುವ, ಹಿತ್ತಾಳೆ ಮೊಳೆಗಳ ಚಿತ್ತಾರದ ‘ಮಂದೂಸ್’ ಪೆಟ್ಟಿಗೆಗಳಲ್ಲಿ ಹಳೆಯವು ಹಲವು ಸೂರತ್, ಮುಂಬಯಿ, ಮಲಬಾರಿನ ಕಡೆ ತೇಗ ಮತ್ತು ಬೀಟೆಯಲ್ಲಿ ಮಾಡಿಸಿದವು. ಮದುವೆಯಾಗಿ ಹೋಗುವ ಹೆಣ್ಣಿನ ಬಟ್ಟೆ ಒಡವೆ ಅದರಲ್ಲಿ ಹೋಗುತ್ತಿತ್ತು.

ಈ ಸಾಲಿನಲ್ಲಿ ನನಗೆ ಅತ್ಯಂತ ಹತ್ತಿರದ್ದು ‘ಸೊಹಾರ್’ ಹಡಗು. ಅಲ್ ಬುಸ್ತಾನ್ ಅರಮನೆ ಹೋಟೆಲಿನ ಬಳಿಯ ವೃತ್ತದಲ್ಲಿ ನಿಂತಿರುವ ಆ ಹಡಗಿನ ಮುಂದೆ ಫೋಟೊ ತೆಗೆಸಿಕೊಳ್ಳದ ಮಸ್ಕತ್ ಕನ್ನಡಿಗರು ಕಡಿಮೆ. ಬ್ರಿಟಿಷ್ ಬರಹಗಾರ ಟಿಮ್ ಸೆವೆರಿನ್ ಸಿಂದಬಾದನ ಕಾಲದ ಹಡಗು ಹೇಗಿತ್ತೆಂದು ಪರೀಕ್ಷಿಸಲು ಅದನ್ನು ಸೂರ್‌ನಲ್ಲಿ ಕಟ್ಟಿಸಿದರು. ಮೊಳೆ ಬಳಸದೆ ತೆಂಗಿನ ನಾರಿನ ಹಗ್ಗದಿಂದಲೇ ಹಲಗೆ ಹೊಲಿಸಿದರು. ಹೊಲಿಗೆಗೆ ಲಕ್ಷದ್ವೀಪದ ಕುಶಲಕರ್ಮಿಗಳು ಬಂದರು. 1980ರ ನವೆಂಬರಿನಲ್ಲಿ ಒಮಾನ್ ಬಿಟ್ಟ ಹಡಗು 1981ರ ಜುಲೈನಲ್ಲಿ ಚೀನಾದ ಕ್ಯಾಂಟನ್ ತಲುಪಿತು. ಅದರ ಹಲಗೆ ಯಾವ ಮರದ್ದು ಎಂದು ಓದಿದಾಗ ನಾನು ಪುಸ್ತಕ ಮಡಚಿಟ್ಟು ಒಂದು ಕ್ಷಣ ಸುಮ್ಮನೆ ಕುಳಿತೆ. ಮಲಬಾರ್ ಕರಾವಳಿಯಲ್ಲಿ ‘ಐನಿ’ ಎಂದು ಕರೆಯುವ ಮರ. ನಮ್ಮ ಕಡೆ ಅದಕ್ಕೆ ಹೆಬ್ಬಲಸು ಎನ್ನುತ್ತಾರೆ. ಅಜ್ಜಿಯ ಮರಿಗೆಯ ಮರ.

ಮರಿಗೆ ಎಂಬ ಪಾತ್ರೆ

ಮರಿಗೆ ಎಂಬ ಮಾತಿನಲ್ಲೇ ಮರ ಇದೆ. ತುಳುವಿನಲ್ಲಿ ಮರಾಯಿ, ಮಲಯಾಳದಲ್ಲಿ ಮರವಿ, ತಮಿಳಿನಲ್ಲಿ ಮರವೈ. ದಕ್ಷಿಣದ ಭಾಷೆಗಳೆಲ್ಲ ಈ ಪಾತ್ರೆಗೆ ಮರದ ಹೆಸರನ್ನೇ ಇಟ್ಟಿವೆ. ಉಪ್ಪು, ಹುಳಿ, ಮಜ್ಜಿಗೆ ತಾಗಿದರೆ ಲೋಹ ಕಿಲುಬುತ್ತದೆ, ಮರ ಕಿಲುಬುವುದಿಲ್ಲ. ಸ್ಟೀಲ್ ಬರುವ ಮೊದಲು ಪ್ರತಿ ಅಡುಗೆಮನೆಯಲ್ಲೂ ಮರದ ಪಾತ್ರೆ ಇದ್ದದ್ದು ಆ ಕಾರಣಕ್ಕೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋದವರಿಗೆ ಹಳೆಯ ಮನೆಗಳಲ್ಲಿ ಮರಕ್ಕೆ ಎಂಥ ಸ್ಥಾನವಿತ್ತು ಎಂಬುದು ಮನದಟ್ಟಾಗುತ್ತದೆ.

ಮರಿಗೆ ಮಾಡುವ ಬಗೆಯನ್ನು ಅಮ್ಮ ತಾನು ಚಿಕ್ಕಂದಿನಲ್ಲಿ ಕಂಡಂತೆ ಹೇಳುತ್ತಾರೆ. ಆಚಾರಿ ಮನೆಯಂಗಳಕ್ಕೇ ಬರುತ್ತಿದ್ದ. ದಪ್ಪ ದಿಮ್ಮಿಯನ್ನು ಸೀಳಿ, ಹಸಿ ಇರುವಾಗಲೇ ಬಾಚಿಯಿಂದ ಹೊರಮೈ ತಿದ್ದಿ, ಆಮೇಲೆ ಬಾಗಿದ ಉಳಿಯಿಂದ ಒಳಗೆ ತೋಡುತ್ತಿದ್ದ. ತೋಡಿದ ಮೇಲೆ ನೆರಳಿನಲ್ಲಿ ಬಹಳ ದಿನ ಒಣಗಬೇಕು. ಅಂಗಳದ ತುಂಬ ಚಕ್ಕೆ ಬಿದ್ದಿರುತ್ತಿತ್ತು. ಆ ಚಕ್ಕೆ ಹಂಡೆಯ ಒಲೆಗೆ ಹೋಗುತ್ತಿತ್ತು.

ಇಲ್ಲಿ ಗಮನಿಸಬೇಕಾದ್ದು ಆ ಚಕ್ಕೆ. ಇಡೀ ದಿಮ್ಮಿಯಿಂದ ಪಾತ್ರೆ ತೋಡುವಾಗ ಪಾತ್ರೆಯಾಗಿ ಉಳಿಯುವ ಮರಕ್ಕಿಂತ ಚಕ್ಕೆಯಾಗಿ ಹೋಗುವ ಮರವೇ ಹೆಚ್ಚು. ಹಿತ್ತಲಿನಲ್ಲೇ ಹೆಬ್ಬಲಸು ಬೆಳೆಯುವ ಊರಿಗೆ ಇದು ನಷ್ಟವಲ್ಲ, ಸೌದೆ. ಪ್ರತಿ ಹಲಗೆಯೂ ಸಮುದ್ರ ದಾಟಿ ಬರಬೇಕಾದ ಊರಿಗೆ ಇದು ದುಬಾರಿ. ಚನ್ನಪಟ್ಟಣದಲ್ಲಿ ಆಲೆಮರವನ್ನು ತಿರುಗಣಿಗೆ ಕೊಟ್ಟು ಬಟ್ಟಲು ಮಾಡುವಾಗಲೂ ಒಳಗಿನ ಮರ ಸುರುಳಿಯಾಗಿ ಸುಲಿದು ಬಿದ್ದೇ ಹೋಗುತ್ತದೆ. ಹಾಗಾದರೆ ಚಕ್ಕೆ ಮಾಡದೆ ಬಟ್ಟಲು ಮಾಡುವ ದಾರಿ ಇದೆಯೇ? ಉತ್ತರ ನನಗೆ ಸಿಕ್ಕಿದ್ದು ಮೈಸೂರಿನಲ್ಲಿ.

ಗೆರೆಯ ಮೇಲೆ ನಡೆಯುವ ಗರಗಸ

ಒಮ್ಮೆ ರಜೆಗೆ ಹೋದಾಗ ಬೀಟೆಯ ಕುಸುರಿ ಕೆಲಸ ನೋಡಲು ಮೈಸೂರಿನ ಮಂಡಿ ಮೊಹಲ್ಲಾಕ್ಕೆ ಹೋಗಿದ್ದೆ. ಬೀಟೆಯ ಕಪ್ಪು ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರದ ತುಂಡುಗಳನ್ನು ಕೂರಿಸಿ ಆನೆ, ದಸರಾ ಮೆರವಣಿಗೆ, ಹಳ್ಳಿಯ ನೋಟ ಮೂಡಿಸುವ ಕೆಲಸ ಅದು. ಹಳೆಯ ಕಾಲದಲ್ಲಿ ಕೂರಿಸುತ್ತಿದ್ದದ್ದು ದಂತ. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟು, 1912ರಲ್ಲಿ ಮುಗಿದ ಹೊಸ ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲನ್ನು ಇಂದಿಗೂ ನೋಡಬಹುದು.

ಆಮೇಲೆ ದಂತ ಹೋಯಿತು. 1986ರಲ್ಲಿ ಭಾರತದ ಆನೆಯ ದಂತದ ವ್ಯಾಪಾರವನ್ನು ದೇಶದೊಳಗೆ ನಿಷೇಧಿಸಲಾಯಿತು, 1991ರ ಹೊತ್ತಿಗೆ ಆಫ್ರಿಕದ ದಂತಕ್ಕೂ ಬಾಗಿಲು ಮುಚ್ಚಿತು. ಮೈಸೂರಿನ ಕೆಲಸಗಾರರು ಪ್ಲಾಸ್ಟಿಕ್ ಬಳಸಿ ನೋಡಿದರು, ಮರದ ಬಣ್ಣಗಳನ್ನೇ ನೆಚ್ಚಿದರು. ಹಲಸಿನ ಹಳದಿ, ಬೇರೆ ಮರಗಳ ಬಿಳಿ, ಕೆಂಪು, ಕಂದು ಬಣ್ಣಗಳು ಚಿತ್ರಕ್ಕೆ ಬಂದವು. ಕಲೆ ಬದುಕಿತು. ಈಗ ಬೀಟೆಯ ಸರದಿ. 2017ರ ಜನವರಿ 2ರಿಂದ ಡಾಲ್ಬರ್ಜಿಯಾ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂತು. 2019ರಲ್ಲಿ ಸಿದ್ಧವಸ್ತುಗಳಿಗೆ, ಒಂದು ಸಾಗಣೆಯಲ್ಲಿ ಆ ಮರದ ತೂಕ 10 ಕಿಲೋ ಮೀರದಿದ್ದರೆ, ವಿನಾಯಿತಿ ಸಿಕ್ಕಿತು. ಸುಮೇರಿಯದ ದೊರೆ ಕಡಲಾಚೆಯಿಂದ ತರಿಸಿಕೊಂಡು ಹೆಮ್ಮೆಪಟ್ಟ ಮರದ ಬಂಧು ಇಂದು ಕಾಗದಪತ್ರದ ಕಾವಲಿನಲ್ಲಿ ಪ್ರಯಾಣಿಸುತ್ತಿದೆ.

ನಾನು ಕಂಡ ಕೆಲಸಗಾರರು ಎಪ್ಪತ್ತರ ಸಮೀಪದವರು. ಕಾಗದದ ಮೇಲಿನ ಚಿತ್ರವನ್ನು ತೆಳುವಾದ ಮರದ ಮೇಲೆ ಅಂಟಿಸಿ, ಕಮಾನಿನಂಥ ಚೌಕಟ್ಟಿಗೆ ಬಿಗಿದ ಎಳೆಯಂಥ ಅಲಗಿನ ಕೈಗರಗಸದಿಂದ ಆನೆಯ ಕಿವಿಯೊಂದನ್ನು ಕೊಯ್ಯುತ್ತಿದ್ದರು. ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವ ವಿದ್ಯುತ್ ಯಂತ್ರವೂ ಇತ್ತು. ಎಷ್ಟು ಸೂಕ್ಷ್ಮವಾಗಿ ಕೊಯ್ಯುತ್ತೀರಿ ಎಂದೆ.

“ಗೆರೆ ಉಳಿಸ್ಕೊಂಡು ಕೊಯ್ಬೇಕು ಸಾರ್. ಗೆರೆ ತಿಂದ್ರೆ ತುಂಡು ಕೂತ್ಕೊಳ್ಳಲ್ಲ” ಎಂದರು.

ಅವರ ಮಗ ಬೇರೆ ಉದ್ಯೋಗದಲ್ಲಿದ್ದಾನೆ. ಕಲಿಯಲು ಬಂದವರು ಇದ್ದಾರೆಯೇ ಎಂದು ಕೇಳಿದ್ದಕ್ಕೆ ನಕ್ಕು ಕಿವಿಯ ಕಡೆಗೇ ತಿರುಗಿದರು.

ಈ ಬಗೆಯ ಗರಗಸಕ್ಕೂ ಒಂದು ಚರಿತ್ರೆ ಇದೆ. ಫ್ರಾನ್ಸಿನಲ್ಲಿ ಹದಿನಾಲ್ಕನೆಯ ಲೂಯಿಯ ಆಸ್ಥಾನಕ್ಕೆ ಪೀಠೋಪಕರಣ ಮಾಡುತ್ತಿದ್ದ ಆಂದ್ರೆ ಶಾರ್ಲ್ ಬೂಲ್ (1642–1732) ಆಮೆಚಿಪ್ಪಿನ ಹಾಳೆ ಮತ್ತು ಹಿತ್ತಾಳೆಯ ಹಾಳೆಯನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೆ ಕೊಯ್ಯುತ್ತಿದ್ದ. ಒಂದರಿಂದ ಬಿದ್ದ ತುಂಡು ಇನ್ನೊಂದರ ತೂತಿಗೆ ಸರಿಯಾಗಿ ಕೂರುತ್ತಿತ್ತು. ಎರಡು ಜೊತೆ ಚಿತ್ತಾರ, ಬಿಸಾಡುವುದು ಏನೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿಯುವ ಮಾದರಿಗಳು ಬಂದು ಅಮೆರಿಕದ ಮನೆಗಳನ್ನು ಹೊಕ್ಕವು. ಆಮೇಲೆ ವಿದ್ಯುತ್ ಮೋಟಾರು ಸೇರಿತು. ಇಂದು ಸ್ಕ್ರೋಲ್ ಸಾ ಎಂದು ಕರೆಯುವುದು ಅದನ್ನೇ. ಕೂದಲೆಳೆಯಂಥ ಅಲಗು ಮೇಲೆ ಕೆಳಗೆ ಓಡುತ್ತದೆ, ಹಲಗೆಯನ್ನು ಕೈಯಲ್ಲಿ ತಿರುಗಿಸುತ್ತ ಹೋದರೆ ಬೇಕಾದ ತಿರುವು ಬರುತ್ತದೆ.

ಒಂದು ಹಲಗೆಯಿಂದ ಬಟ್ಟಲು

ಮಸ್ಕತ್ತಿಗೆ ಮರಳಿದ ಮೇಲೆ ಒಂದು ಸಣ್ಣ ಸ್ಕ್ರೋಲ್ ಸಾ ಕೊಂಡೆ. ವಾದಿ ಕಬೀರ್‌ನ ಬಡಗಿ ಅಂಗಡಿಗಳಲ್ಲಿ ಮೂಲೆಗೆ ಬಿದ್ದ ತುಂಡು ಹಲಗೆಗಳನ್ನು ಕೇಳಿ ತಂದೆ. ಒಂದೇ ಹಲಗೆಯಿಂದ ಬಟ್ಟಲು ಮಾಡುವ ಯುಕ್ತಿಯನ್ನು ಆ ತುಂಡುಗಳ ಮೇಲೆ ಕಲಿತೆ. ಯುಕ್ತಿ ಸರಳ, ಲೆಕ್ಕ ನಿಖರವಾಗಿರಬೇಕು.

ಹಲಗೆಯ ಮೇಲೆ ಕೈವಾರದಿಂದ ಒಂದರೊಳಗೊಂದು ವೃತ್ತ ಎಳೆಯಬೇಕು. ನೇರವಾಗಿ ಕೊಯ್ದರೆ ಬಳೆಗಳು ಸಿಗುತ್ತವೆ, ಬಟ್ಟಲು ಸಿಗುವುದಿಲ್ಲ. ಯಂತ್ರದ ಮೇಜನ್ನು ಓರೆಯಾಗಿ ಬಾಗಿಸಿ ಕೊಯ್ದರೆ ಪ್ರತಿ ಬಳೆಯೂ ಕೆಳಗೆ ಕಿರಿದು, ಮೇಲೆ ಅಗಲವಾಗುತ್ತದೆ. ಹೊರಗಿನ ಬಳೆಯ ಕೆಳ ಅಂಚು ಅದರೊಳಗಿನ ಬಳೆಯ ಮೇಲಂಚಿಗೆ ಸರಿಹೊಂದುವಷ್ಟು ಓರೆ ಇದ್ದರೆ, ಬಳೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಬಟ್ಟಲಿನ ಗೋಡೆ ತಾನಾಗಿ ಏಳುತ್ತದೆ. ಪ್ರವಾಸದ ಪ್ಲಾಸ್ಟಿಕ್ ಲೋಟವನ್ನು ಎಳೆದು ಬಿಡಿಸುತ್ತೇವಲ್ಲ, ಹಾಗೆ.

ಎಷ್ಟು ಓರೆ? ಬಳೆಯ ಅಗಲವನ್ನು ಹಲಗೆಯ ದಪ್ಪದಿಂದ ಭಾಗಿಸಿದರೆ ಬರುವುದು ಆ ಕೋನದ ‘ಟ್ಯಾನ್’. ಹತ್ತನೆಯ ತರಗತಿಯ ತ್ರಿಕೋನಮಿತಿ. ಹಲಗೆ 19 ಮಿ.ಮೀ. ದಪ್ಪ, ಬಳೆ 9.5 ಮಿ.ಮೀ. ಅಗಲ ಎಂದಿಟ್ಟುಕೊಳ್ಳೋಣ. ಭಾಗಿಸಿದರೆ ಅರ್ಧ, ಕೋನ ಸುಮಾರು 26.6 ಡಿಗ್ರಿ. ಇಪ್ಪತ್ತು ಸೆಂ.ಮೀ. ಚೌಕದ ಅಂಥ ಹಲಗೆಯಿಂದ ಐದು ಬಳೆ ಮತ್ತು ಒಂದು ತಳ ತೆಗೆದರೆ ಆರು ಪದರ. ಬಟ್ಟಲಿನ ಎತ್ತರ 11.4 ಸೆಂ.ಮೀ. ಇದೇ ಅಳತೆಯ ಬಟ್ಟಲನ್ನು ಇಡೀ ಮರದಿಂದ ತೋಡಬೇಕಾದರೆ ಆರು ಪಟ್ಟು ದಪ್ಪದ ತುಂಡು ಬೇಕು. ಸ್ಕ್ರೋಲ್ ಸಾ ತಿನ್ನುವುದು ಗೆರೆಯಷ್ಟು ಹುಡಿಯನ್ನು ಮಾತ್ರ.

ಒಳಗಿನ ಬಳೆಗಳನ್ನು ಕೊಯ್ಯಲು ಅಲಗನ್ನು ನಡುವಿನಿಂದ ತೂರಿಸಬೇಕು. ಅದಕ್ಕೆ ಗೆರೆಯ ಮೇಲೆ, ಅದೇ ಓರೆಯಲ್ಲಿ, ಸಣ್ಣ ತೂತು ಕೊರೆಯಬೇಕು. ಹಲಗೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ದಿಕ್ಕಿಗೆ ತಿರುಗಿಸಬೇಕು. ನನ್ನ ಮೊದಲ ಬಟ್ಟಲಿನ ಮೂರನೆಯ ಬಳೆಯಲ್ಲಿ ಮರೆತು ದಿಕ್ಕು ಬದಲಿಸಿದೆ. ಓರೆ ತಲೆಕೆಳಗಾಯಿತು, ಬಳೆ ಯಾವುದರ ಮೇಲೂ ಕೂರಲಿಲ್ಲ. ಎರಡನೆಯದರಲ್ಲಿ ಕೋನ ತಪ್ಪಿ ಗೋಡೆ ಮೆಟ್ಟಿಲಿನಂತಾಯಿತು. ಮೂರನೆಯದು ಬಟ್ಟಲಾಯಿತು. ಅಂಟು ಹಚ್ಚುವಾಗ ಎಲ್ಲ ಬಳೆಗಳ ನಾರು ಒಂದೇ ದಿಕ್ಕಿಗೆ ಬರುವಂತೆ ಇಡಬೇಕು. ಆಗ ಇಡೀ ಬಟ್ಟಲು ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತದೆ. ಗೋಡೆಯೂ ತೆಳುವಾಗಿರುವುದರಿಂದ ಒಂದು ಕಡೆ ಒಣಗಿ ಇನ್ನೊಂದು ಕಡೆ ಹಸಿಯಾಗಿ ಉಳಿಯುವುದಿಲ್ಲ. ಎ.ಸಿ. ಮನೆಗೆ ಇದು ಒಗ್ಗುವ ಪಾತ್ರೆ. ರಾತ್ರಿಯಿಡೀ ಬಿಗಿದಿಟ್ಟು, ಮರುದಿನ ಉಪ್ಪುಕಾಗದದಿಂದ ತಿಕ್ಕಿ, ಎಣ್ಣೆ ಹಚ್ಚಿದರೆ ಮುಗಿಯಿತು. ತಿಕ್ಕುವಾಗ ಮೂಗಿಗೆ ಮಾಸ್ಕ್ ಬೇಕೇ ಬೇಕು. ಮರದ ಹುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಮರಿಗೆ ಮತ್ತೆ

ಮರಿಗೆ ಒಡೆದ ಸುದ್ದಿಯನ್ನು ನಾನು ಅಮ್ಮನಿಗೆ ಎರಡು ವರ್ಷ ಹೇಳಿರಲಿಲ್ಲ. ಫೋನಿನಲ್ಲಿ ಕೇಳಿದಾಗೆಲ್ಲ “ಚೆನ್ನಾಗಿದೆ” ಎನ್ನುತ್ತಿದ್ದೆ. ನಾಲ್ಕು ತಲೆಮಾರು ನೀರಿನಲ್ಲಿ ತೊಳೆದು ಬಾಳಿಸಿದ ಪಾತ್ರೆಯನ್ನು ಎರಡು ಬೇಸಿಗೆಯಲ್ಲಿ ಒಡೆದವನು ಎಂಬ ನಾಚಿಕೆ. ಕೊನೆಗೆ ಹೇಳಿದೆ. ಇನ್ನೂ ಒಂದು ಮಾತು ಕೇಳಬೇಕಿತ್ತು: ಬಿರುಕು ಮುಟ್ಟದ ತಳದ ಭಾಗವನ್ನು ಕೊಯ್ದು ಬಟ್ಟಲು ಮಾಡಲೇ, ಅಥವಾ ಒಡೆದದ್ದನ್ನು ಹಾಗೆಯೇ ನೆನಪಿಗೆ ಇಟ್ಟುಕೊಳ್ಳಲೇ? ಒಮ್ಮೆ ಕೊಯ್ದರೆ ಮರಿಗೆ ಇಲ್ಲ.

ಆಚೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಅಮ್ಮ ಅಂದರು: “ಒಡದ್ ಮರಿಗಿ ಇಟ್ಕಂಡ್ ಎಂತ ಮಾಡ್ತೆ ಮಗಾ? ಅಕ್ಕಿ ತೊಳುಕಾತ್ತಾ? ಕೆಲ್ಸಕ್ ಬಪ್ಪಂಗ್ ಮಾಡ್.”

ಅಲ್ ಬಲೀದ್‌ನ ಬಡಗಿಗಳೂ ಹಳೆಯ ಹಡಗಿನ ಮುಂದೆ ನಿಂತು ಹೀಗೆಯೇ ಅಂದುಕೊಂಡಿರಬೇಕು.

ತಳದಿಂದ ಹದಿನೈದು ಸೆಂ.ಮೀ. ಚೌಕದ ಹಲಗೆ ಸಿಕ್ಕಿತು. ಎರಡೂ ಮೈ ಉಜ್ಜಿ ಸಮ ಮಾಡಿದಾಗ ದಪ್ಪ 20 ಮಿ.ಮೀ. ಉಳಿಯಿತು. ಬಳೆಯ ಅಗಲ 8 ಮಿ.ಮೀ., ಮೇಜಿನ ಓರೆ ಸುಮಾರು 22 ಡಿಗ್ರಿ. ಮೊದಲ ಗೆರೆ ಕೊಯ್ಯುವಾಗ ಕೈ ನಡುಗಿತು. ಮೇಲಿನ ಕಪ್ಪು ಹೋಗಿ ಒಳಗಿನ ಹಳದಿ ಮಿಶ್ರಿತ ಕಂದು ಕಂಡಿತು. ಇಷ್ಟು ವರ್ಷಗಳ ನಂತರವೂ ಮರದ ವಾಸನೆ ಬಂತು. ನಾಲ್ಕು ಬಳೆ, ಒಂದು ತಳ, ಹತ್ತು ಸೆಂ.ಮೀ. ಎತ್ತರದ ಬಟ್ಟಲು. ಮರಿಗೆಯ ಹಿಡಿಗಳನ್ನು ಕೊಯ್ಯಲಿಲ್ಲ. ಒಂದು ನನ್ನಲ್ಲಿದೆ, ಇನ್ನೊಂದನ್ನು ತಂಗಿಗೆ ಕೊಟ್ಟೆ. ಆ ಬಟ್ಟಲು ಇಲ್ಲಿ ಮೂರು ಬೇಸಿಗೆ ಕಳೆದಿದೆ, ಇನ್ನೂ ಬಿರಿದಿಲ್ಲ. ಅದರಲ್ಲಿ ಅಕ್ಕಿ ತೊಳೆಯುವುದಿಲ್ಲ, ಖರ್ಜೂರ ಇಡುತ್ತೇವೆ.

ಈ ಓದಿನಿಂದ ನಾನು ಕಂಡುಕೊಂಡದ್ದನ್ನು ಹೀಗೆ ಹೇಳಬಹುದು. ನಮ್ಮ ಕರಾವಳಿ ಮರವನ್ನು ಧಾರಾಳವಾಗಿ ಬಳಸಿದ ನಾಡು, ಒಮಾನ್ ಮರವನ್ನು ಎಣಿಸಿ ಬಳಸಿದ ನಾಡು. ಒಂದು ಮರ ಕೊಟ್ಟಿತು, ಇನ್ನೊಂದು ಅದನ್ನು ಉಳಿಸಿ ಬಾಳಿಸುವ ಬುದ್ಧಿ ತೋರಿಸಿತು. ಈಗ ನಮ್ಮ ಕಡೆಯೂ ಮರ ಎಣಿಸಿ ಬಳಸುವ ಕಾಲ ಬಂದಿದೆ. ಬೀಟೆ ಕಾವಲಿನಲ್ಲಿದೆ, ಹಿತ್ತಲಿನ ಹೆಬ್ಬಲಸು ಸೈಟುಗಳಿಗೆ ಜಾಗ ಬಿಟ್ಟುಕೊಡುತ್ತಿದೆ, ಮರಿಗೆ ತೋಡುವ ಆಚಾರಿಯೂ ಮಂಡಿ ಮೊಹಲ್ಲಾದ ಗರಗಸದ ಕೈಯೂ ಮುಪ್ಪಾಗುತ್ತಿವೆ.

ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ, ಊರಿನ ಅಟ್ಟದಲ್ಲಿ, ಮರದ ಪಾತ್ರೆಗಳು ಇದ್ದರೆ ಅವುಗಳ ಹೆಸರು, ಮರ, ಅಳತೆ, ಬಳಕೆ, ಮಾಡಿದವರ ಊರು ಇಷ್ಟನ್ನು ಹಿರಿಯರಿಂದ ಕೇಳಿ ಬರೆದಿಡಿ. ಮುಂದಿನ ಸಂಚಿಕೆಯ ಹೊತ್ತಿಗೆ ಅವನ್ನೆಲ್ಲ ಸೇರಿಸಿದರೆ ಒಮಾನ್ ಕನ್ನಡಿಗರ ಮನೆಗಳ ಮರದ ಪಾತ್ರೆಗಳ ಒಂದು ಪಟ್ಟಿಯಾದೀತು. ಕಲಿಯಬೇಕೆಂಬ ಮಕ್ಕಳಿದ್ದರೆ ಶುಕ್ರವಾರ ಬೆಳಿಗ್ಗೆ ನನ್ನ ಬಾಲ್ಕನಿಗೆ ಕರೆತನ್ನಿ. ಹಲಗೆ, ಕೈವಾರ, ಮಾಸ್ಕ್ ನನ್ನಲ್ಲಿವೆ. ಟ್ಯಾನ್ ಕೋಷ್ಟಕವನ್ನು ಅವರೇ ತರಲಿ.